ಅಣುರಚನೆಯ ಶೋಧದಲ್ಲಿ ಕಾಂತೀಯ ಅನುರಣನ ವಿಧಾನಗಳು: ಗಡಿಸೀಮೆಯ ಮೂರು ಬೆಳೆಗಳನ್ನು ಅನುಲಕ್ಷಿಸಿ ಒಂದು ತೌಲನಿಕ ವಿವೇಚನೆ

1. ಪ್ರಸ್ತಾವನೆ

ಬೆಳಗಾವಿ ಜಿಲ್ಲೆಯ ಉತ್ತರದಂಚಿನಲ್ಲಿರುವ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ ಮತ್ತು ಕಾಗವಾಡ ತಾಲ್ಲೂಕುಗಳು ಭಾಷೆಯ ದೃಷ್ಟಿಯಿಂದ ಗಡಿಸೀಮೆಯಾಗಿ ಚರ್ಚೆಗೆ ಒಳಗಾದಷ್ಟು ಬೆಳೆಗಳ ದೃಷ್ಟಿಯಿಂದ ವಿದ್ವತ್ ಲೋಕದ ಗಮನವನ್ನು ಸೆಳೆದಿಲ್ಲ. ಕೃಷ್ಣಾ, ದೂಧಗಂಗಾ, ವೇದಗಂಗಾ ನದಿಗಳ ಈ ಬಯಲಿನಲ್ಲಿ ಮೂರು ಬೆಳೆಗಳು ಜನಜೀವನವನ್ನು ರೂಪಿಸಿವೆ. ನಿಪ್ಪಾಣಿಯ ಹೆಸರು ಬೀಡಿ ತಂಬಾಕಿನೊಡನೆ ಬೆಸೆದುಕೊಂಡಿದೆ. 1981ರಲ್ಲಿ ಅಲ್ಲಿಯ ತಂಬಾಕು ಬೆಳೆಗಾರರು ನ್ಯಾಯವಾದ ಬೆಲೆಗಾಗಿ ನಡೆಸಿದ ಚಳವಳಿ ರೈತ ಹೋರಾಟಗಳ ಚರಿತ್ರೆಯಲ್ಲಿ ಸ್ಥಾನ ಪಡೆದಿದೆ. ಕಬ್ಬು ಐದೂ ತಾಲ್ಲೂಕುಗಳ ಬೆಳೆ. ಉಗಾರ ಖುರ್ದದ ಸಕ್ಕರೆ ಕಾರ್ಖಾನೆಯಿಂದ ಹಿಡಿದು ಚಿಕ್ಕೋಡಿಯ ದೂಧಗಂಗಾ ಕೃಷ್ಣಾ ಸಹಕಾರಿ ಕಾರ್ಖಾನೆಯವರೆಗೆ ಅನೇಕ ಕಾರ್ಖಾನೆಗಳು ಅದನ್ನು ಅರೆಯುತ್ತವೆ. ರಾಯಬಾಗ, ಅಥಣಿ, ಚಿಕ್ಕೋಡಿ ಭಾಗದ ಅರಿಸಿನಕ್ಕೆ ಸಮೀಪದ ಸಾಂಗಲಿಯೇ ಹಿರಿಯ ಪೇಟೆ.

ತಂಬಾಕಿನ ಕಟುತ್ವ, ಕಬ್ಬಿನ ಸಿಹಿ, ಅರಿಸಿನದ ಬಣ್ಣ ಇವು ಬಹುಮಟ್ಟಿಗೆ ಮೂರು ಅಣುಗಳ ಗುಣಗಳು. ಅವು ಕ್ರಮವಾಗಿ ನಿಕೋಟಿನ್, ಸುಕ್ರೋಸ್ ಮತ್ತು ಕರ್ಕ್ಯುಮಿನ್. ಈ ಅಣುಗಳಲ್ಲಿ ಯಾವ ಪರಮಾಣು ಯಾವುದಕ್ಕೆ ಬೆಸೆದಿದೆ ಎಂಬುದನ್ನು ಇಂದು ಪ್ರಯೋಗಾಲಯವೊಂದು ನಿರ್ಧರಿಸುವುದು ಮುಖ್ಯವಾಗಿ ನ್ಯೂಕ್ಲಿಯ ಕಾಂತೀಯ ಅನುರಣನ ವಿಧಾನಗಳಿಂದ. ಇಂಗ್ಲಿಷಿನ ಮೊದಲಕ್ಷರಗಳಿಂದ ಇವು ಎನ್.ಎಂ.ಆರ್. ಎಂದು ಪರಿಚಿತವಾಗಿವೆ. ಇವು ಒಂದಲ್ಲ, ಹಲವು. ಪಠ್ಯಪುಸ್ತಕಗಳು ಅವನ್ನು ಒಂದರ ನಂತರ ಒಂದಾಗಿ ಹೆಸರಿಸುತ್ತ ಹೋಗುವುದರಿಂದ, ಯಾವುದು ಏಕೆ ಬೇಕು ಎಂಬುದು ಸ್ಪಷ್ಟವಾಗದೆ ಉಳಿಯುತ್ತದೆ. ಗಡಿಭಾಗದ ಶಾಲೆಯಲ್ಲಿ ಕನ್ನಡದಲ್ಲಿ ವಿಜ್ಞಾನವನ್ನು ಕಲಿತು ಕಾಲೇಜಿನಲ್ಲಿ ಇಂಗ್ಲಿಷಿಗೆ ಹೊರಳುವ ವಿದ್ಯಾರ್ಥಿಗೆ ಈ ಹೆಸರುಗಳು ಕೇವಲ ಕಂಠಪಾಠದ ಅಕ್ಷರಗಳಾಗುವ ಅಪಾಯವಿದೆ.

ಪ್ರತಿಯೊಂದು ವಿಧಾನವೂ ಅಣುವಿಗೆ ಹಾಕುವ ಒಂದು ಪ್ರಶ್ನೆಯೆಂದೂ, ಯಾವ ಒಂದು ವಿಧಾನವೂ ತಾನೊಂದೇ ರಚನೆಯನ್ನು ಹೇಳಲಾರದೆಂದೂ ಪ್ರಸ್ತುತ ಲೇಖನ ಪ್ರತಿಪಾದಿಸುತ್ತದೆ. ಈ ಮಾತು ಗ್ರಂಥಸಂಪಾದನೆಯನ್ನು ಬಲ್ಲವರಿಗೆ ಹೊಸದಾಗಲಾರದು. ಒಂದು ಓಲೆಪ್ರತಿಯಲ್ಲಿ ಲುಪ್ತವಾದದ್ದು ಇನ್ನೊಂದರಲ್ಲಿ ಉಳಿದಿರುತ್ತದೆ. ಒಂದು ಪ್ರತಿಯ ಸಂದಿಗ್ಧವನ್ನು ಮತ್ತೊಂದು ನಿವಾರಿಸುತ್ತದೆ. ಶುದ್ಧಪಾಠ ದೊರೆಯುವುದು ಎಲ್ಲವನ್ನೂ ಹೋಲಿಸಿದಾಗ ಮಾತ್ರ. ಅಣುರಚನೆಯ ನಿರ್ಣಯವೂ ಇದೇ ಜಾತಿಯ ಕೆಲಸ.

2. ಅನುರಣನ: ಪದ ಮತ್ತು ಪದಾರ್ಥ

‘ಅನುರಣನ’ ಕನ್ನಡ ವಿದ್ವಾಂಸರಿಗೆ ಕಾವ್ಯಮೀಮಾಂಸೆಯಿಂದ ಪರಿಚಿತವಾದ ಪದ. ಗಂಟೆಯನ್ನು ಬಾರಿಸಿ ಕೈ ತೆಗೆದ ಮೇಲೂ ಉಳಿದು ಬರುವ ನಾದವನ್ನು ಧ್ವನಿಸಿದ್ಧಾಂತಿಗಳು ವ್ಯಂಗ್ಯಾರ್ಥಕ್ಕೆ ಹೋಲಿಸಿದರು. ವಿಜ್ಞಾನ ಬರೆಹಗಳಲ್ಲಿ ಈ ಪದ ಇನ್ನೊಂದು ಅರ್ಥದಲ್ಲಿ ಬಳಕೆಗೆ ಬಂದಿದ್ದರೂ ಆ ಹಳೆಯ ಅರ್ಥ ಇಲ್ಲಿ ವ್ಯರ್ಥವಾಗುವುದಿಲ್ಲ.

ಜಲಜನಕದ ನ್ಯೂಕ್ಲಿಯಸ್, ಎಂದರೆ ಪ್ರೋಟಾನ್, ಒಂದು ಅತಿಸೂಕ್ಷ್ಮ ಅಯಸ್ಕಾಂತದಂತೆ ವರ್ತಿಸುತ್ತದೆ. ಪ್ರಬಲ ಕಾಂತಕ್ಷೇತ್ರದಲ್ಲಿ ಅದಕ್ಕೆ ಒಂದು ನಿಯತ ಕಂಪನಾಂಕವಿರುತ್ತದೆ. ಅದೇ ಕಂಪನಾಂಕದ ರೇಡಿಯೋ ಅಲೆಯನ್ನು ಹಾಯಿಸಿದಾಗ ಮಾತ್ರ ನ್ಯೂಕ್ಲಿಯಸ್ ಅದಕ್ಕೆ ಸ್ಪಂದಿಸುತ್ತದೆ. 9.4 ಟೆಸ್ಲಾ ಕ್ಷೇತ್ರದಲ್ಲಿ ಪ್ರೋಟಾನಿನ ಕಂಪನಾಂಕ ಸುಮಾರು 400 ಮೆಗಾಹರ್ಟ್ಸ್. ಇಂಗಾಲ-13ರದು ಸುಮಾರು 100 ಮೆಗಾಹರ್ಟ್ಸ್, ಅಂದರೆ ಎಫ್.ಎಂ. ಬಾನುಲಿ ಪ್ರಸಾರದ ವ್ಯಾಪ್ತಿಯಲ್ಲಿಯೇ ಬರುವಂಥದು. ಮೊದಲ ಉಪಕರಣಗಳು ಕ್ಷೇತ್ರವನ್ನೋ ಕಂಪನಾಂಕವನ್ನೋ ನಿಧಾನವಾಗಿ ಬದಲಿಸುತ್ತ ಸ್ಪಂದನವನ್ನು ಹುಡುಕುತ್ತಿದ್ದವು. 1966ರಲ್ಲಿ ರಿಚರ್ಡ್ ಅರ್ನ್ಸ್ಟ್ ಮತ್ತು ವೆಸ್ಟನ್ ಆಂಡರ್ಸನ್ ಪ್ರಕಟಿಸಿದ ವಿಧಾನದಲ್ಲಿ ಚಿಕ್ಕದೊಂದು ರೇಡಿಯೋ ಮಿಡಿತ ಎಲ್ಲ ನ್ಯೂಕ್ಲಿಯಸ್ಸುಗಳನ್ನೂ ಒಮ್ಮೆಗೇ ತಟ್ಟುತ್ತದೆ. ಆಮೇಲೆ ಕ್ಷೀಣಿಸುತ್ತ ಬರುವ ಅವುಗಳ ‘ನಾದ’ವನ್ನು ದಾಖಲಿಸಿ, ಫೂರಿಯೇ ಗಣಿತದಿಂದ ಅದನ್ನು ಬಿಡಿ ಕಂಪನಾಂಕಗಳಾಗಿ ವಿಂಗಡಿಸಲಾಗುತ್ತದೆ. ಹೀಗೆ ದೊರೆತ ರೇಖಾಪಟವೇ ರೋಹಿತ. ಗಂಟೆ ಬಾರಿಸಿ ಉಳಿದ ನಾದವನ್ನು ಆಲಿಸುವ ಈ ಕ್ರಮಕ್ಕೆ ‘ಅನುರಣನ’ ಎಂಬುದು ಮೂಲ ಇಂಗ್ಲಿಷ್ ಪದಕ್ಕಿಂತಲೂ ಹೆಚ್ಚು ಒಪ್ಪುತ್ತದೆ.

ಘನ ಮತ್ತು ದ್ರವ ಪದಾರ್ಥಗಳಲ್ಲಿ ಈ ವಿದ್ಯಮಾನವನ್ನು ಫೆಲಿಕ್ಸ್ ಬ್ಲಾಕ್ ಮತ್ತು ಎಡ್ವರ್ಡ್ ಪರ್ಸೆಲ್ ಅವರ ತಂಡಗಳು ಸ್ವತಂತ್ರವಾಗಿ ಕಂಡುಕೊಂಡು 1946ರಲ್ಲಿ ಪ್ರಕಟಿಸಿದವು. ಇಬ್ಬರಿಗೂ 1952ರಲ್ಲಿ ನೊಬೆಲ್ ಪುರಸ್ಕಾರ ಸಂದಿತು. ಅದು ರಸಾಯನವಿಜ್ಞಾನದ ಸಾಧನವಾಗಲು ಕಾರಣವಾದ ಒಂದು ಮುಖ್ಯ ಪ್ರಯೋಗದಲ್ಲಿ ಭಾರತೀಯರೊಬ್ಬರ ಪಾಲಿದೆ. 1951ರಲ್ಲಿ ಸ್ಟ್ಯಾನ್‌ಫರ್ಡಿನಲ್ಲಿ ಜೇಮ್ಸ್ ಆರ್ನಲ್ಡ್, ಎಸ್. ಎಸ್. ಧರ್ಮಟ್ಟಿ ಮತ್ತು ಮಾರ್ಟಿನ್ ಪ್ಯಾಕರ್ಡ್ ಅವರು ಎಥೆನಾಲಿನ ಪ್ರೋಟಾನುಗಳು ಒಂದೇ ಕಡೆ ಸ್ಪಂದಿಸದೆ ಮೂರು ಶಿಖರಗಳಾಗಿ ಬೇರ್ಪಡುವುದನ್ನು ತೋರಿಸಿದರು. ಶಿಖರಗಳ ವಿಸ್ತೀರ್ಣ 3:2:1ರ ಪ್ರಮಾಣದಲ್ಲಿತ್ತು. ಕಬ್ಬಿನ ಕಾಕಂಬಿಯಿಂದ ಬಟ್ಟಿ ಇಳಿಸುವ ಅದೇ ಎಥೆನಾಲಿನಲ್ಲಿ ಮೂರು ಜಲಜನಕಗಳು ಒಂದು ಇಂಗಾಲದ ಮೇಲೆ, ಎರಡು ಇನ್ನೊಂದರ ಮೇಲೆ, ಒಂದು ಆಮ್ಲಜನಕದ ಮೇಲೆ ಇವೆ ಎಂಬುದನ್ನು ಆ ರೋಹಿತ ನೇರವಾಗಿ ಹೇಳಿತು. ಧರ್ಮಟ್ಟಿಯವರು ಮುಂದೆ ಮುಂಬಯಿಯ ಟಾಟಾ ಮೂಲಭೂತ ಸಂಶೋಧನ ಸಂಸ್ಥೆಯಲ್ಲಿ ಈ ಕ್ಷೇತ್ರದ ಸಂಶೋಧನೆಗೆ ಬುನಾದಿ ಹಾಕಿದರು. ಅದೇ 1951ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಜಿ. ಸೂರ್ಯನ್ ಅವರು ಹರಿಯುವ ದ್ರವಗಳಲ್ಲಿ ಕಾಂತೀಯ ಅನುರಣನವನ್ನು ಕುರಿತ ತಮ್ಮ ಪ್ರಯೋಗಗಳನ್ನು ಪ್ರಕಟಿಸಿದರು. ಕರ್ನಾಟಕದ ನೆಲಕ್ಕೆ ಈ ವಿಜ್ಞಾನ ತಡವಾಗಿ ಬಂದುದಲ್ಲ.

3. ಪ್ರೋಟಾನ್ ರೋಹಿತ: ಎಷ್ಟು, ಎಂಥವು, ನೆರೆಯಲ್ಲಿ ಯಾರು?

ಎಲ್ಲ ವಿಧಾನಗಳಲ್ಲಿ ಸುಲಭವೂ ಶೀಘ್ರವೂ ಆದದ್ದು ಪ್ರೋಟಾನ್ ರೋಹಿತ. ಕೆಲವು ಮಿಲಿಗ್ರಾಂ ಪದಾರ್ಥ ಸಾಕು. ಕೆಲವು ನಿಮಿಷಗಳಲ್ಲಿ ಫಲಿತಾಂಶ ದೊರೆಯುತ್ತದೆ. ಅದು ಮೂರು ಬಗೆಯ ಮಾಹಿತಿಯನ್ನು ನೀಡುತ್ತದೆ. ಮೊದಲನೆಯದು ರಾಸಾಯನಿಕ ಪಲ್ಲಟ. ನ್ಯೂಕ್ಲಿಯಸ್ಸಿನ ಸುತ್ತಲಿನ ಎಲೆಕ್ಟ್ರಾನುಗಳು ಕಾಂತಕ್ಷೇತ್ರವನ್ನು ಅಷ್ಟಿಷ್ಟು ಮರೆಮಾಡುವುದರಿಂದ ಪ್ರತಿ ಪ್ರೋಟಾನಿನ ಕಂಪನಾಂಕ ಅದರ ಪರಿಸರಕ್ಕನುಗುಣವಾಗಿ ತುಸು ಸರಿಯುತ್ತದೆ. ಈ ಸರಿತವನ್ನು ಹತ್ತು ಲಕ್ಷದಲ್ಲಿ ಇಷ್ಟು ಭಾಗ ಎಂದು, ಅಂದರೆ ಪಿ.ಪಿ.ಎಂ. ಮಾನದಲ್ಲಿ ಅಳೆಯುತ್ತಾರೆ. ಎರಡನೆಯದು ಶಿಖರದ ವಿಸ್ತೀರ್ಣ. ಅದು ಪ್ರೋಟಾನುಗಳ ಸಂಖ್ಯೆಗೆ ಅನುಪಾತದಲ್ಲಿರುತ್ತದೆ. ಮೂರನೆಯದು ಶಿಖರದ ಸೀಳು. ಎರಡು ಮೂರು ಬಂಧಗಳ ಅಂತರದಲ್ಲಿರುವ ಪ್ರೋಟಾನುಗಳು ಪರಸ್ಪರರ ಶಿಖರವನ್ನು ಸೀಳುತ್ತವೆ. ಆ ಸೀಳಿನ ಅಗಲವನ್ನು ಹರ್ಟ್ಸ್‌ನಲ್ಲಿ ಅಳೆದರೆ ಅವುಗಳ ನಡುವಣ ಕೋನವನ್ನೂ ಊಹಿಸಬಹುದು. ಕೋನಕ್ಕೂ ಸೀಳಿಗೂ ಇರುವ ಸಂಬಂಧವನ್ನು 1959ರಲ್ಲಿ ಮಾರ್ಟಿನ್ ಕಾರ್ಪ್ಲಸ್ ಸಮೀಕರಣವಾಗಿ ನಿರೂಪಿಸಿದರು.

ಈ ಮೂರೂ ಮಾಹಿತಿಗಳ ಸಾರ್ಥಕ್ಯವನ್ನು ಕರ್ಕ್ಯುಮಿನ್ ನಿದರ್ಶನದಲ್ಲಿ ಕಾಣಬಹುದು. 21 ಇಂಗಾಲ, 20 ಜಲಜನಕ ಮತ್ತು 6 ಆಮ್ಲಜನಕ ಪರಮಾಣುಗಳ ಈ ಅಣುವಿನ ರಚನೆಯನ್ನು 1910ರಲ್ಲಿ ಮಿಲೊಬೆಂಡ್ಸ್ಕಾ, ಕೋಸ್ತಾನೆಸ್ಕಿ ಮತ್ತು ಲಾಂಪೆ ಅವರು ರಾಸಾಯನಿಕ ಮಾರ್ಗದಿಂದ ನಿರ್ಣಯಿಸಿದ್ದರು. ಎರಡು ಬೆಂಜೀನ್ ಉಂಗುರಗಳು, ಅವನ್ನು ಜೋಡಿಸುವ ಏಳು ಇಂಗಾಲಗಳ ಸರಪಳಿ, ಸರಪಳಿಯ ಮಧ್ಯದಲ್ಲಿ ಎರಡು ಆಮ್ಲಜನಕಗಳು ಎಂಬುದು ಆ ರಚನೆಯ ಸಾರ. ಉಳಿದ ಪ್ರಶ್ನೆ ಸರಪಳಿಯ ಮಧ್ಯಭಾಗವನ್ನು ಕುರಿತದ್ದು. ಅಲ್ಲಿ ಎರಡು ಕೀಟೋನುಗಳ ನಡುವೆ ಎರಡು ಜಲಜನಕಗಳುಳ್ಳ ಇಂಗಾಲವಿದೆಯೇ? ಅಥವಾ ಒಂದು ಜಲಜನಕ ಆಮ್ಲಜನಕದ ಕಡೆಗೆ ಸರಿದು ಈನಾಲ್ ರೂಪ ಉಂಟಾಗಿದೆಯೇ?

ಡೈಕೀಟೋ ರೂಪವಿದ್ದರೆ 4 ಪಿ.ಪಿ.ಎಂ. ಆಸುಪಾಸಿನಲ್ಲಿ ಎರಡು ಪ್ರೋಟಾನುಗಳ ಶಿಖರ ಕಾಣಬೇಕು. ಡೈಮೀಥೈಲ್ ಸಲ್ಫಾಕ್ಸೈಡ್ ದ್ರಾವಕದಲ್ಲಿ ತೆಗೆದ ರೋಹಿತದಲ್ಲಿ ಕಾಣುವುದು 6 ಪಿ.ಪಿ.ಎಂ. ಸಮೀಪದ ಒಂದೇ ಪ್ರೋಟಾನಿನ ಶಿಖರ ಹಾಗೂ 16 ಪಿ.ಪಿ.ಎಂ. ಆಚೆಗಿನ ಅಸಾಮಾನ್ಯ ಶಿಖರ. ಅಷ್ಟು ದೂರ ಸರಿಯುವುದು ಎರಡು ಆಮ್ಲಜನಕಗಳ ನಡುವೆ ಹಂಚಿಹೋದ ಈನಾಲ್ ಪ್ರೋಟಾನಿನ ಲಕ್ಷಣ. ಹೀಗೆ ಈನಾಲ್ ರೂಪ ಸಿದ್ಧವಾಗುತ್ತದೆ. ಪಕ್ಕದ ದ್ವಿಬಂಧಗಳ ಪ್ರೋಟಾನುಗಳು ಪರಸ್ಪರ ಸುಮಾರು 16 ಹರ್ಟ್ಸ್ ಅಗಲದ ಸೀಳನ್ನು ತೋರುತ್ತವೆ. ಅವು ದ್ವಿಬಂಧದ ವಿರುದ್ಧ ಪಾರ್ಶ್ವಗಳಲ್ಲಿವೆ ಎಂಬುದಕ್ಕೆ ಅದೇ ಸಾಕ್ಷಿ. ಒಂದೇ ಪಾರ್ಶ್ವದಲ್ಲಿದ್ದರೆ ಸೀಳು ಇದಕ್ಕಿಂತ ಬಹಳ ಕಿರಿದಾಗಿರುತ್ತಿತ್ತು.

ಅರಿಸಿನದಲ್ಲಿ ಕರ್ಕ್ಯುಮಿನ್ನಿನೊಡನೆ ಅದರ ಇಬ್ಬರು ಸಹೋದರರಂತಿರುವ ಡಿಮೆಥಾಕ್ಸಿ ಮತ್ತು ಬಿಸ್‌ಡಿಮೆಥಾಕ್ಸಿ ಕರ್ಕ್ಯುಮಿನ್ನುಗಳೂ ಇರುತ್ತವೆ. ಮಧ್ಯದ ಒಂದು ಪ್ರೋಟಾನಿಗೆ ಹೋಲಿಸಿದರೆ ಮೆಥಾಕ್ಸಿ ಪ್ರೋಟಾನುಗಳು ಮೊದಲನೆಯದರಲ್ಲಿ ಆರು, ಎರಡನೆಯದರಲ್ಲಿ ಮೂರು, ಕೊನೆಯದರಲ್ಲಿ ಸೊನ್ನೆ. ವಿಸ್ತೀರ್ಣದ ಎಣಿಕೆಯೇ ಅವನ್ನು ಬೇರ್ಪಡಿಸುತ್ತದೆ.

4. ಇಂಗಾಲ ರೋಹಿತ ಮತ್ತು ಡೆಪ್ಟ್: ಅಸ್ಥಿಪಂಜರದ ಎಣಿಕೆ

ಪ್ರೋಟಾನ್ ರೋಹಿತ ಅಣುವಿನ ಹೊರಮೈಯನ್ನು ಹೇಳುತ್ತದೆ. ಅಸ್ಥಿಪಂಜರವನ್ನು ಹೇಳಬೇಕಾದದ್ದು ಇಂಗಾಲ. ಆದರೆ ಸಾಮಾನ್ಯ ಇಂಗಾಲ-12 ಕಾಂತೀಯವಾಗಿ ಮೂಕ. ನಿಸರ್ಗದಲ್ಲಿ ಶೇಕಡಾ 1.1ರಷ್ಟು ಮಾತ್ರ ಇರುವ ಇಂಗಾಲ-13 ಸ್ಪಂದಿಸುತ್ತದೆ. ಅದರ ಸ್ವಭಾವತಃ ಕ್ಷೀಣವಾದ ಸ್ಪಂದನವನ್ನೂ ಸೇರಿಸಿ ಎಣಿಸಿದರೆ, ಪ್ರೋಟಾನಿಗೆ ಹೋಲಿಸಿದಾಗ ಇದರ ಸಂವೇದನೆ ಸುಮಾರು ಆರು ಸಾವಿರದಲ್ಲಿ ಒಂದು ಪಾಲು. ಆದ್ದರಿಂದ ಮಿಡಿತವನ್ನು ನೂರಾರು, ಸಾವಿರಾರು ಸಲ ಪುನರಾವರ್ತಿಸಿ ಫಲಿತಾಂಶಗಳನ್ನು ಕೂಡಿಸಬೇಕಾಗುತ್ತದೆ. ಈ ಶ್ರಮಕ್ಕೆ ಪ್ರತಿಫಲವೂ ಉಂಟು. ಪ್ರೋಟಾನ್ ರೋಹಿತ ಹೆಚ್ಚುಕಡಿಮೆ 10ರಿಂದ 12 ಪಿ.ಪಿ.ಎಂ.ಗಳಲ್ಲಿ ಇಕ್ಕಟ್ಟಾಗಿ ಸೇರಿಕೊಂಡರೆ ಇಂಗಾಲದ್ದು 200ಕ್ಕೂ ಮಿಕ್ಕಿ ಹರಡಿಕೊಳ್ಳುತ್ತದೆ; ಪ್ರತಿಯೊಂದು ಭಿನ್ನ ಇಂಗಾಲಕ್ಕೂ ಒಂದೊಂದು ಗೆರೆ. ಕರ್ಕ್ಯುಮಿನ್ನಿನಲ್ಲಿ 21 ಇಂಗಾಲಗಳಿದ್ದರೂ ಗೆರೆಗಳು 11 ಮಾತ್ರ. ಇದರಿಂದ ಅಣುವಿನ ಎರಡು ಬದಿಗಳು ದ್ರಾವಣದಲ್ಲಿ ಪರಸ್ಪರ ಪ್ರತಿಬಿಂಬಗಳಂತೆ ವರ್ತಿಸುತ್ತವೆಂದು ತಿಳಿಯುತ್ತದೆ.

ಸಾಮಾನ್ಯ ಇಂಗಾಲ ರೋಹಿತ ಗೆರೆಗಳನ್ನು ಎಣಿಸಿಕೊಡುತ್ತದೆಯೇ ಹೊರತು ಯಾವ ಇಂಗಾಲದ ಮೇಲೆ ಎಷ್ಟು ಜಲಜನಕಗಳಿವೆ ಎಂಬುದನ್ನು ಹೇಳುವುದಿಲ್ಲ. ಆ ಪ್ರಶ್ನೆಗೆ ಉತ್ತರವಾಗಿ 1982ರಲ್ಲಿ ಡಾಡ್ರೆಲ್, ಪೆಗ್ ಮತ್ತು ಬೆಂಡಾಲ್ ರೂಪಿಸಿದ ವಿಧಾನ ಡೆಪ್ಟ್. ಪ್ರೋಟಾನಿನ ಪ್ರಬಲ ಕಾಂತತ್ವವನ್ನು ಇಂಗಾಲಕ್ಕೆ ವರ್ಗಾಯಿಸುವ ಈ ವಿಧಾನದಲ್ಲಿ, ಒಂದು ಅಥವಾ ಮೂರು ಜಲಜನಕಗಳುಳ್ಳ ಇಂಗಾಲದ ಗೆರೆ ಮೇಲ್ಮುಖವಾಗಿ, ಎರಡುಳ್ಳದ್ದು ಕೆಳಮುಖವಾಗಿ ಬರುವಂತೆ ಮಾಡಬಹುದು. ಜಲಜನಕವಿಲ್ಲದ ಇಂಗಾಲ ಕಾಣಿಸಿಕೊಳ್ಳುವುದೇ ಇಲ್ಲ. ಮಿಡಿತದ ಕೋನವನ್ನು ಬದಲಿಸಿ ಇನ್ನೊಂದು ರೋಹಿತ ತೆಗೆದರೆ ಒಂದು ಜಲಜನಕದವು ಮೂರರವುಗಳಿಂದಲೂ ಬೇರ್ಪಡುತ್ತವೆ.

ಇದರ ಮಹತ್ವ ತಂಬಾಕಿನಲ್ಲಿ ಸ್ಪಷ್ಟವಾಗುತ್ತದೆ. ನಿಕೋಟಿನ್ನಿನಲ್ಲಿ 10 ಇಂಗಾಲ, 14 ಜಲಜನಕ, 2 ಸಾರಜನಕ ಪರಮಾಣುಗಳಿವೆ. ತಂಬಾಕಿನ ಕುಲದಲ್ಲಿಯೇ ಕಂಡುಬರುವ ಅನಬಾಸಿನ್ ಎಂಬ ಇನ್ನೊಂದು ಅಣುವಿನಲ್ಲಿಯೂ ಇವು ಇಷ್ಟೇ. ತೂಕ ಒಂದೇ ಆದುದರಿಂದ ಅಣುತೂಕವನ್ನು ಮಾತ್ರ ಅಳೆಯುವ ಉಪಾಯ ಇವೆರಡನ್ನು ಬೇರ್ಪಡಿಸಲಾರದು. ಇಂಗಾಲ ರೋಹಿತದಲ್ಲಿಯೂ ಎರಡಕ್ಕೂ ಹತ್ತೇ ಗೆರೆಗಳು. ಡೆಪ್ಟ್ ಪ್ರಯೋಗದಲ್ಲಿ ನಿಕೋಟಿನ್ ಐದು ಏಕಜಲಜನಕ, ಮೂರು ದ್ವಿಜಲಜನಕ ಮತ್ತು ಒಂದು ತ್ರಿಜಲಜನಕ ಇಂಗಾಲಗಳನ್ನು ತೋರುತ್ತದೆ. ಅನಬಾಸಿನ್ ಐದು ಏಕಜಲಜನಕ, ನಾಲ್ಕು ದ್ವಿಜಲಜನಕ ಇಂಗಾಲಗಳನ್ನು ತೋರಿ ತ್ರಿಜಲಜನಕ ಇಂಗಾಲವನ್ನು ತೋರುವುದೇ ಇಲ್ಲ. ನಿಕೋಟಿನ್ನಿನಲ್ಲಿ ಐದು ಮೂಲೆಯ ಉಂಗುರ ಮತ್ತು ಸಾರಜನಕಕ್ಕಂಟಿದ ಮೀಥೈಲ್, ಅನಬಾಸಿನ್ನಿನಲ್ಲಿ ಆರು ಮೂಲೆಯ ಉಂಗುರ ಎಂಬ ಭೇದಕ್ಕೆ ಇದು ಅನುಗುಣವಾಗಿದೆ. ಪಿನ್ನರ್ 1893ರ ಹೊತ್ತಿಗೆ ದೀರ್ಘವಾದ ರಾಸಾಯನಿಕ ಪರೀಕ್ಷೆಗಳಿಂದ ತಲುಪಿದ ನಿರ್ಣಯದ ಒಂದು ಭಾಗ ಇಲ್ಲಿ ಒಂದು ಹಾಳೆಯಲ್ಲಿ ದೊರೆಯುತ್ತದೆ.

5. ಎರಡು ಆಯಾಮಗಳು: ಕಾಸಿ, ಟಾಕ್ಸಿ, ಎಚ್.ಎಸ್.ಕ್ಯೂ.ಸಿ.

ಮೇಲಿನ ವಿಧಾನಗಳು ಬಿಡಿ ಪದಗಳ ಪಟ್ಟಿಯನ್ನು ಕೊಡುತ್ತವೆ, ಅನ್ವಯವನ್ನು ಹೇಳುವುದಿಲ್ಲ. ಯಾವ ಪ್ರೋಟಾನ್ ಯಾವುದರ ನೆರೆಯದು ಎಂಬ ಅನ್ವಯಕ್ಕಾಗಿ ರೋಹಿತವನ್ನು ರೇಖೆಯಿಂದ ನಕ್ಷೆಗೆ ವಿಸ್ತರಿಸಬೇಕಾಯಿತು. ಈ ಆಲೋಚನೆಯನ್ನು 1971ರಲ್ಲಿ ಬೆಲ್ಜಿಯಂನ ಜೀನ್ ಜೀನರ್ ಒಂದು ಬೇಸಗೆ ಶಿಬಿರದ ಉಪನ್ಯಾಸದಲ್ಲಿ ಮಂಡಿಸಿದರು. 1976ರಲ್ಲಿ ಅರ್ನ್ಸ್ಟ್ ಅವರ ತಂಡ ಅದರ ಸಿದ್ಧಾಂತವನ್ನು ಬೆಳೆಸಿತು. 1991ರಲ್ಲಿ ಅರ್ನ್ಸ್ಟ್ ಅವರಿಗೆ ನೊಬೆಲ್ ದೊರೆತದ್ದು ಈ ಸಮಗ್ರ ಕಾರ್ಯಕ್ಕೆ.

ಕಾಸಿ ವಿಧಾನದಲ್ಲಿ ಎರಡು ಅಕ್ಷಗಳ ಮೇಲೂ ಪ್ರೋಟಾನುಗಳು. ಪರಸ್ಪರ ಸೀಳುವ ಎರಡು ಪ್ರೋಟಾನುಗಳು ಕರ್ಣರೇಖೆಯ ಆಚೀಚೆ ಒಂದು ಚುಕ್ಕೆಯನ್ನು ಮೂಡಿಸುತ್ತವೆ. ಚುಕ್ಕೆಯಿಂದ ಚುಕ್ಕೆಗೆ ನಡೆದು ಸರಪಳಿಯನ್ನು ಗುರುತಿಸಬಹುದು. ನಿಕೋಟಿನ್ನಿನ ಐದು ಮೂಲೆಯ ಉಂಗುರದಲ್ಲಿ ನಾಲ್ಕು ಇಂಗಾಲಗಳ ಪ್ರೋಟಾನುಗಳು ಹೀಗೆ ಸಾಲಾಗಿ ನಿಲ್ಲುತ್ತವೆ. ಟಾಕ್ಸಿ ಇದರ ಮುಂದಿನ ಹೆಜ್ಜೆ. 1983ರಲ್ಲಿ ಬ್ರೌನ್‌ಶ್ವೈಲರ್ ಮತ್ತು ಅರ್ನ್ಸ್ಟ್ ಇದನ್ನು ಪ್ರಕಟಿಸಿದರು. ಕಾಸಿ ನೆರೆಯವರನ್ನು ಮಾತ್ರ ಗುರುತಿಸಿದರೆ ಟಾಕ್ಸಿ ನೆರೆಯವರ ನೆರೆಯವರನ್ನೂ ಸೇರಿಸಿ ಇಡೀ ಓಣಿಯನ್ನು ಗುರುತಿಸುತ್ತದೆ.

ಓಣಿಯ ಈ ಪರಿಕಲ್ಪನೆ ಸುಕ್ರೋಸಿಗೆ ಅನಿವಾರ್ಯ. ಕಬ್ಬಿನ ಈ ಸಕ್ಕರೆಯಲ್ಲಿ ಗ್ಲೂಕೋಸ್ ಮತ್ತು ಫ್ರಕ್ಟೋಸ್ ಎಂಬ ಎರಡು ಘಟಕಗಳು ಒಂದು ಆಮ್ಲಜನಕದ ಮೂಲಕ ಬೆಸೆದುಕೊಂಡಿವೆ. ಭಾರಜಲದಲ್ಲಿ ಕರಗಿಸಿದಾಗ ಆಮ್ಲಜನಕಕ್ಕಂಟಿದ ಎಂಟು ಜಲಜನಕಗಳ ಜಾಗವನ್ನು ಡ್ಯೂಟೀರಿಯಂ ಹಿಡಿಯುವುದರಿಂದ ಕಾಣುವವು 14 ಪ್ರೋಟಾನುಗಳು. ಅವುಗಳಲ್ಲಿ ಹೆಚ್ಚಿನವು 3.4ರಿಂದ 4.3 ಪಿ.ಪಿ.ಎಂ. ನಡುವೆ ಒಂದರ ಮೇಲೊಂದು ಬಿದ್ದಿರುತ್ತವೆ. ಗ್ಲೂಕೋಸಿನ ಮೊದಲ ಇಂಗಾಲದ ಪ್ರೋಟಾನ್ ಮಾತ್ರ 5.4 ಪಿ.ಪಿ.ಎಂ. ಬಳಿ ಪ್ರತ್ಯೇಕವಾಗಿ ನಿಲ್ಲುತ್ತದೆ. ಅದರ ಸೀಳು ಸುಮಾರು 3.8 ಹರ್ಟ್ಸ್, ಬೀಟಾ ವಿನ್ಯಾಸವಿದ್ದರೆ ಅದು ಸುಮಾರು 8 ಆಗುತ್ತಿತ್ತು. ಆದ್ದರಿಂದ ಗ್ಲೂಕೋಸ್ ಆಲ್ಫಾ ವಿನ್ಯಾಸದಲ್ಲಿದೆ. ಸಕ್ಕರೆಗಳ ವಿನ್ಯಾಸವನ್ನು ಸೀಳಿನ ಅಗಲದಿಂದ ಓದುವ ಈ ಮಾರ್ಗವನ್ನು ರೇಮಂಡ್ ಲೆಮ್ಯೂ ಮತ್ತು ಸಂಗಡಿಗರು 1958ರಲ್ಲಿ ತೋರಿಸಿದರು. 1953ರಲ್ಲಿ ಸುಕ್ರೋಸನ್ನು ಪ್ರಯೋಗಾಲಯದಲ್ಲಿ ಸಂಶ್ಲೇಷಿಸಿದವರೂ ಇದೇ ಲೆಮ್ಯೂ, ಹ್ಯೂಬರ್ ಅವರೊಡನೆ. 5.4ರ ಈ ಪ್ರೋಟಾನಿನಿಂದ ಟಾಕ್ಸಿಯನ್ನು ಆರಂಭಿಸಿದರೆ ಗ್ಲೂಕೋಸ್ ಉಂಗುರದ ಪ್ರೋಟಾನುಗಳು ಬೆಳಗುತ್ತವೆ; ಫ್ರಕ್ಟೋಸಿನವು ಕತ್ತಲಲ್ಲಿಯೇ ಉಳಿಯುತ್ತವೆ. ಇಕ್ಕಟ್ಟಿನ ಜಾಗದಲ್ಲಿ ಯಾವುದು ಯಾರ ಮನೆಯದು ಎಂಬುದು ಹೀಗೆ ತೀರ್ಮಾನವಾಗುತ್ತದೆ.

1980ರಲ್ಲಿ ಬೋಡೆನ್‌ಹೌಸೆನ್ ಮತ್ತು ರೂಬೆನ್ ಪ್ರಕಟಿಸಿದ ಪ್ರಯೋಗದಿಂದ ಬೆಳೆದ ಎಚ್.ಎಸ್.ಕ್ಯೂ.ಸಿ. ವಿಧಾನದಲ್ಲಿ ಒಂದು ಅಕ್ಷ ಪ್ರೋಟಾನಿನದು, ಇನ್ನೊಂದು ಇಂಗಾಲದ್ದು. ನೇರವಾಗಿ ಬೆಸೆದ ಪ್ರೋಟಾನ್ ಮತ್ತು ಇಂಗಾಲಗಳು ಕೂಡುವಲ್ಲಿ ಚುಕ್ಕೆ ಮೂಡುತ್ತದೆ. ಇಂಗಾಲದ ಮಾಹಿತಿಯನ್ನು ಪ್ರಬಲವಾದ ಪ್ರೋಟಾನಿನ ಮೂಲಕವೇ ಓದುವುದರಿಂದ ಸಂವೇದನೆ ಬಹಳವಾಗಿ ಹೆಚ್ಚುತ್ತದೆ.

6. ಎಚ್.ಎಂ.ಬಿ.ಸಿ.: ಮುರಿದ ಸಾಲುಗಳನ್ನು ಜೋಡಿಸುವುದು

ಕಾಸಿ ಮತ್ತು ಟಾಕ್ಸಿ ಎರಡೂ ಪ್ರೋಟಾನಿನಿಂದ ಪ್ರೋಟಾನಿಗೆ ನಡೆಯುವ ವಿಧಾನಗಳು. ದಾರಿಯಲ್ಲಿ ಜಲಜನಕವಿಲ್ಲದ ಇಂಗಾಲವೋ ಆಮ್ಲಜನಕ, ಸಾರಜನಕಗಳೋ ಅಡ್ಡಬಂದರೆ ಅವು ಅಲ್ಲಿಯೇ ನಿಂತುಬಿಡುತ್ತವೆ. ಹುಳು ತಿಂದ ಓಲೆಗರಿಯಲ್ಲಿ ಎರಡು ಪದ್ಯಭಾಗಗಳು ಉಳಿದು ನಡುವಣ ಸಾಲು ಹೋದಂತೆ, ಅಣುವಿನ ಚೂರುಗಳು ಕೈಯಲ್ಲಿದ್ದು ಜೋಡಣೆ ಮಾತ್ರ ತಿಳಿಯದ ಸ್ಥಿತಿ ಅದು. 1986ರಲ್ಲಿ ಆಡ್ ಬ್ಯಾಕ್ಸ್ ಮತ್ತು ಮೈಕೆಲ್ ಸಮ್ಮರ್ಸ್ ಪ್ರಕಟಿಸಿದ ಎಚ್.ಎಂ.ಬಿ.ಸಿ. ವಿಧಾನ ಈ ಕೊರತೆಯನ್ನು ತುಂಬಿತು. ಇದು ಪ್ರೋಟಾನಿಗೂ ಅದರಿಂದ ಎರಡು ಅಥವಾ ಮೂರು ಬಂಧಗಳ ಆಚೆಗಿನ ಇಂಗಾಲಕ್ಕೂ ಇರುವ ಸಂಬಂಧವನ್ನು ತೋರಿಸುತ್ತದೆ; ನಡುವೆ ಯಾವ ಪರಮಾಣು ಇದ್ದರೂ ತೊಡಕಿಲ್ಲ.

ಸುಕ್ರೋಸಿನಲ್ಲಿ ಫ್ರಕ್ಟೋಸಿನ ಎರಡನೆಯ ಇಂಗಾಲದ ಮೇಲೆ ಜಲಜನಕವಿಲ್ಲ. ಡೆಪ್ಟ್‌ನಲ್ಲಿ ಅದು ಕಾಣುವುದಿಲ್ಲ, ಎಚ್.ಎಸ್.ಕ್ಯೂ.ಸಿ.ಯಲ್ಲಿಯೂ ಕಾಣುವುದಿಲ್ಲ, ಸಾಮಾನ್ಯ ಇಂಗಾಲ ರೋಹಿತದಲ್ಲಿ ಮಾತ್ರ 104 ಪಿ.ಪಿ.ಎಂ. ಬಳಿ ಒಂದು ಗೆರೆಯಾಗಿ ನಿಂತಿರುತ್ತದೆ. ಎಚ್.ಎಂ.ಬಿ.ಸಿ. ನಕ್ಷೆಯಲ್ಲಿ ಗ್ಲೂಕೋಸಿನ 5.4ರ ಪ್ರೋಟಾನ್ ಮತ್ತು ಈ 104ರ ಇಂಗಾಲ ಕೂಡುವಲ್ಲಿ ಒಂದು ಚುಕ್ಕೆ ಮೂಡುತ್ತದೆ. ಎರಡು ಸಕ್ಕರೆಗಳ ನಡುವಿನ ಸೇತುವೆ ಎಲ್ಲಿದೆ ಎಂಬುದಕ್ಕೆ ಆ ಒಂದು ಚುಕ್ಕೆಯೇ ಪ್ರಮಾಣ.

ನಿಕೋಟಿನ್ನಿನಲ್ಲಿ ಮೀಥೈಲ್ ಗುಂಪಿನ ಪ್ರೋಟಾನುಗಳಿಗೆ ಕಾಸಿಯಲ್ಲಿ ನೆರೆಯೇ ಇಲ್ಲ. ಎಚ್.ಎಂ.ಬಿ.ಸಿ.ಯಲ್ಲಿ ಅವು ಸುಮಾರು 69 ಮತ್ತು 57 ಪಿ.ಪಿ.ಎಂ.ಗಳಲ್ಲಿರುವ ಎರಡು ಉಂಗುರದ ಇಂಗಾಲಗಳಿಗೆ ಸಂಬಂಧ ತೋರುತ್ತವೆ. ಎರಡೂ ಕಡೆಗೆ ಸಮಾನ ದೂರದಲ್ಲಿರುವುದು ಸಾರಜನಕ ಒಂದೇ ಆದ್ದರಿಂದ ಮೀಥೈಲ್ ಅದರ ಮೇಲಿದೆ ಎಂದು ಸಿದ್ಧವಾಗುತ್ತದೆ. ಅದೇ ರೀತಿ, 69ರ ಇಂಗಾಲದ ಮೇಲಿನ ಪ್ರೋಟಾನ್ ಪಿರಿಡಿನ್ ಉಂಗುರದ ಇಂಗಾಲಗಳಿಗೂ ಸಂಬಂಧ ತೋರಿ ಎರಡು ಉಂಗುರಗಳ ಬೆಸುಗೆಯನ್ನು ಖಚಿತಪಡಿಸುತ್ತದೆ.

ಎಚ್.ಎಂ.ಬಿ.ಸಿ.ಯ ದೌರ್ಬಲ್ಯವೂ ಇಲ್ಲಿಯೇ ಇದೆ. ಕಂಡ ಚುಕ್ಕೆ ಎರಡು ಬಂಧಗಳದೋ ಮೂರರದೋ ಎಂದು ಅದು ಹೇಳುವುದಿಲ್ಲ. ಇರಬೇಕಾದ ಚುಕ್ಕೆ ಕೆಲವೊಮ್ಮೆ ಬರುವುದೂ ಇಲ್ಲ. ಇಂಗಾಲದಿಂದ ಇಂಗಾಲಕ್ಕೆ ನೇರವಾಗಿ ನಡೆಯುವ ಇನ್‌ಅಡಿಕ್ವೇಟ್ ಎಂಬ ವಿಧಾನ ಈ ಸಂದಿಗ್ಧವನ್ನು ನಿವಾರಿಸಬಲ್ಲದು. ಆದರೆ ನೆರೆಹೊರೆಯ ಎರಡು ಇಂಗಾಲಗಳೂ ಇಂಗಾಲ-13 ಆಗಿರುವ ಸಂಭವ ಹತ್ತು ಸಾವಿರದಲ್ಲಿ ಒಂದರಷ್ಟು. ಹೆಚ್ಚು ಪದಾರ್ಥ, ಹೆಚ್ಚು ಕಾಲ ಬೇಡುವ ಆ ವಿಧಾನ ತಾತ್ವಿಕವಾಗಿ ಅತ್ಯುತ್ತಮವಾಗಿದ್ದೂ ಆಚರಣೆಯಲ್ಲಿ ವಿರಳ.

7. ನೋಯ್ಸಿ: ಬಂಧದ ದೂರ, ಬಯಲಿನ ದೂರ

ಇಲ್ಲಿಯವರೆಗಿನ ಎಲ್ಲ ವಿಧಾನಗಳೂ ಬಂಧಗಳ ದಾರಿಯಲ್ಲಿ ನಡೆಯುತ್ತವೆ. ಬಂಧಗಳ ಲೆಕ್ಕದಲ್ಲಿ ದೂರವಿದ್ದರೂ ಅಣು ಮಡಿಚಿಕೊಂಡಾಗ ಸಮೀಪ ಬರುವ ಪ್ರೋಟಾನುಗಳನ್ನು ಗುರುತಿಸುವುದು ನೋಯ್ಸಿ. ಎರಡು ಪ್ರೋಟಾನುಗಳು ಸರಿಸುಮಾರು ಅರ್ಧ ನ್ಯಾನೋಮೀಟರಿಗಿಂತ ಹತ್ತಿರವಿದ್ದರೆ ಒಂದರ ಕದಲಿಕೆ ಇನ್ನೊಂದರ ಶಿಖರದ ಎತ್ತರವನ್ನು ಬದಲಿಸುತ್ತದೆ. ಈ ಪರಿಣಾಮ ದೂರದ ಆರನೆಯ ಘಾತಕ್ಕೆ ವಿಲೋಮವಾಗಿ ಕುಗ್ಗುವುದರಿಂದ, ದೂರ ಇಮ್ಮಡಿಯಾದರೆ ಪರಿಣಾಮ ಅರವತ್ತನಾಲ್ಕರಲ್ಲಿ ಒಂದು ಪಾಲಾಗುತ್ತದೆ. ಹೀಗಾಗಿ ಇದು ಸೂಕ್ಷ್ಮವಾದ ಅಳತೆಗೋಲು.

ಕರ್ಕ್ಯುಮಿನ್ನಿನ ಬೆಂಜೀನ್ ಉಂಗುರದ ಮೇಲೆ ಒಂದು ಮೆಥಾಕ್ಸಿ, ಒಂದು ಹೈಡ್ರಾಕ್ಸಿ ಅಕ್ಕಪಕ್ಕದಲ್ಲಿವೆ. ಸರಪಳಿಯಿಂದ ಎಣಿಸಿದಾಗ ಮೂರನೆಯ ಸ್ಥಾನ ಯಾವುದರದು, ನಾಲ್ಕನೆಯದು ಯಾವುದರದು? ಮೆಥಾಕ್ಸಿಯು ಮೂರನೆಯ ಸ್ಥಾನದಲ್ಲಿದ್ದರೆ ಅದಕ್ಕೆ ಹತ್ತಿರವಿರುವುದು ಎರಡನೆಯ ಸ್ಥಾನದ ಪ್ರೋಟಾನ್; ಅದರ ಸೀಳು ಸುಮಾರು 2 ಹರ್ಟ್ಸ್ ಮಾತ್ರ. ನಾಲ್ಕನೆಯದರಲ್ಲಿದ್ದರೆ ಹತ್ತಿರವಾಗುವುದು 8 ಹರ್ಟ್ಸ್ ಸೀಳಿನ ಐದನೆಯ ಸ್ಥಾನದ ಪ್ರೋಟಾನ್. ನೋಯ್ಸಿಯಲ್ಲಿ ಮೆಥಾಕ್ಸಿಯ ಸಂಬಂಧ ಕಾಣುವುದು ಕಿರಿಸೀಳಿನ ಪ್ರೋಟಾನಿನೊಡನೆ. ಆದ್ದರಿಂದ ಮೆಥಾಕ್ಸಿಯ ಸ್ಥಾನ ಮೂರನೆಯದು.

ಈ ವಿಧಾನದ ಅತಿದೊಡ್ಡ ಫಲ ದೊರೆತದ್ದು ಪ್ರೋಟೀನುಗಳಲ್ಲಿ. 1980ರಲ್ಲಿ ಅನಿಲ್ ಕುಮಾರ್, ಅರ್ನ್ಸ್ಟ್ ಮತ್ತು ಕುರ್ಟ್ ವ್ಯೂತ್ರಿಕ್ ಅವರು ಜೈವಿಕ ಬೃಹದಣುಗಳಿಗೆ ಎರಡು ಆಯಾಮದ ನೋಯ್ಸಿಯನ್ನು ಅನ್ವಯಿಸಿ ಪ್ರಕಟಿಸಿದರು; ಪ್ರೋಟೀನಿನ ಮಡಿಕೆಗಳನ್ನು ದ್ರಾವಣದಲ್ಲಿಯೇ ಓದುವ ದಾರಿ ಅದರಿಂದ ತೆರೆಯಿತು. ವ್ಯೂತ್ರಿಕ್ ಅವರಿಗೆ 2002ರಲ್ಲಿ ನೊಬೆಲ್ ಸಂದಿತು. ಅನಿಲ್ ಕುಮಾರ್ ಅವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ದೀರ್ಘಕಾಲ ಪ್ರಾಧ್ಯಾಪಕರಾಗಿದ್ದವರು. ನೋಯ್ಸಿಗೂ ಒಂದು ಮಿತಿಯಿದೆ. ಮಧ್ಯಮಗಾತ್ರದ ಅಣುಗಳಲ್ಲಿ ಈ ಪರಿಣಾಮ ಸೊನ್ನೆಯ ಸಮೀಪಕ್ಕೆ ಬಂದುಬಿಡುತ್ತದೆ. ಅಂತಹ ಕಡೆ ರೋಯ್ಸಿ ಎಂಬ ಪರಿಷ್ಕೃತ ವಿಧಾನವನ್ನು ಬಳಸುತ್ತಾರೆ.

8. ಮಿತಿಗಳು

ಮೇಲೆ ಹೇಳಿದ ವಿಧಾನಗಳೆಲ್ಲ ದ್ರಾವಣಕ್ಕೆ ಸಂಬಂಧಿಸಿದವು. ಕರಗದ ಪದಾರ್ಥಗಳಿಗೆ ಘನಸ್ಥಿತಿಯ ವಿಧಾನವಿದೆ. ಮಾದರಿಯನ್ನು ಕಾಂತಕ್ಷೇತ್ರಕ್ಕೆ ಸುಮಾರು 54.7 ಡಿಗ್ರಿ ಓರೆಯಲ್ಲಿ ಅತಿವೇಗವಾಗಿ ತಿರುಗಿಸಿದರೆ ಅಗಲವಾದ ಶಿಖರಗಳು ಕಿರಿದಾಗುತ್ತವೆ. ಕಬ್ಬಿನ ಸಿಪ್ಪೆಯ ಸೆಲ್ಯುಲೋಸ್, ಲಿಗ್ನಿನ್ನುಗಳನ್ನು ಹಾಗೆಯೇ ಪರೀಕ್ಷಿಸಲು ಇದು ಉಪಯುಕ್ತ. ಉತ್ತಮ ಹರಳು ದೊರೆತಲ್ಲಿ ಕ್ಷ-ಕಿರಣ ವಿಧಾನ ಪರಮಾಣುಗಳ ಸ್ಥಾನವನ್ನು ಇನ್ನೂ ನೇರವಾಗಿ ಕೊಡುತ್ತದೆ. ಆದರೆ ನಿಕೋಟಿನ್ ಕೊಠಡಿಯ ಉಷ್ಣತೆಯಲ್ಲಿ ಎಣ್ಣೆಯಂತಹ ದ್ರವ.

ಕನ್ನಡಿಯ ಬಿಂಬಗಳಂತಿರುವ ಎರಡು ರೂಪಗಳನ್ನು ಸಾಮಾನ್ಯ ಎನ್.ಎಂ.ಆರ್. ಬೇರ್ಪಡಿಸಲಾರದು. ತಂಬಾಕಿನ ಗಿಡ ಮುಖ್ಯವಾಗಿ ಎಡಗಡೆಗೆ ಬೆಳಕನ್ನು ಹೊರಳಿಸುವ ನಿಕೋಟಿನ್ನನ್ನು ಉತ್ಪಾದಿಸುತ್ತದೆ. ಅದರ ಪ್ರತಿಬಿಂಬದ ರೋಹಿತವೂ ತದ್ರೂಪ. ಭೇದವನ್ನು ಕಾಣಲು ಒಂದೇ ಕೈಬಗೆಯ ಸಹಾಯಕ ಪದಾರ್ಥವನ್ನು ಸೇರಿಸಬೇಕಾಗುತ್ತದೆ.

ಕಲಬೆರಕೆಯ ಪ್ರಶ್ನೆಯಲ್ಲಿ ಈ ಮಿತಿಗಳು ರೈತನಿಗೂ ಗ್ರಾಹಕನಿಗೂ ನೇರವಾಗಿ ತಟ್ಟುತ್ತವೆ. ಅರಿಸಿನಕ್ಕೆ ಬಣ್ಣಕ್ಕಾಗಿ ಬೆರೆಸುವ ವಿಷಕಾರಿ ಸೀಸದ ಕ್ರೋಮೇಟ್ ಪ್ರೋಟಾನ್ ರೋಹಿತದಲ್ಲಿ ಗೋಚರಿಸುವುದಿಲ್ಲ, ಏಕೆಂದರೆ ಅದರಲ್ಲಿ ಜಲಜನಕವೇ ಇಲ್ಲ. ಅದಕ್ಕೆ ಲೋಹಗಳನ್ನು ಗುರುತಿಸುವ ಬೇರೆ ಪರೀಕ್ಷೆ ಬೇಕು. ಬೆಲ್ಲದಲ್ಲಿ ಸುಕ್ರೋಸಿನೊಡನೆ ಇರುವ ಗ್ಲೂಕೋಸಿನ ಪ್ರಮಾಣವನ್ನು ಪ್ರೋಟಾನ್ ರೋಹಿತ ಚೆನ್ನಾಗಿ ಹೇಳುತ್ತದೆ; ಅದರ ಶಿಖರಗಳು 5.2 ಮತ್ತು 4.6 ಪಿ.ಪಿ.ಎಂ.ಗಳಲ್ಲಿ ಪ್ರತ್ಯೇಕವಾಗಿವೆ. ಆದರೆ ಬೆಲ್ಲಕ್ಕೆ ಕಬ್ಬಿನದೇ ಸಕ್ಕರೆ ಬೆರೆಸಿದರೆ ಅಣು ಅದೇ ಆದುದರಿಂದ ಸುಕ್ರೋಸಿನ ಶಿಖರ ಯಾವ ಸುಳುವನ್ನೂ ಕೊಡದು. ದ್ರಾಕ್ಷಿಯ ವಿಷಯದಲ್ಲಿ ಪರಿಸ್ಥಿತಿ ಬೇರೆ. ಕಬ್ಬು ಮತ್ತು ದ್ರಾಕ್ಷಿ ಇಂಗಾಲಾಮ್ಲವನ್ನು ಹೀರಿ ಸಕ್ಕರೆಯಾಗಿಸುವ ಕ್ರಮ ಭಿನ್ನ. ಅವುಗಳ ಸಕ್ಕರೆ ಹುದುಗಿ ಬಂದ ಎಥೆನಾಲಿನಲ್ಲಿ ಡ್ಯೂಟೀರಿಯಂ ಹಂಚಿಕೆಯೂ ಭಿನ್ನ. 1980ರ ದಶಕದಲ್ಲಿ ಫ್ರಾನ್ಸಿನ ನಾಂತ್ ನಗರದಲ್ಲಿ ಜೆರಾರ್ ಮಾರ್ತಾಂ ಮತ್ತು ಮಾರಿವೋನ್ ಮಾರ್ತಾಂ ಈ ಭೇದವನ್ನು ಡ್ಯೂಟೀರಿಯಂ ರೋಹಿತದಿಂದ ಅಳೆದು ದ್ರಾಕ್ಷಾಮದ್ಯಕ್ಕೆ ಸಕ್ಕರೆ ಬೆರೆಸಿದ್ದನ್ನು ಪತ್ತೆಹಚ್ಚುವ ವಿಧಾನವನ್ನು ರೂಪಿಸಿದರು. ಕಬ್ಬೂ ದ್ರಾಕ್ಷಿಯೂ ಒಟ್ಟಿಗೆ ಬೆಳೆಯುವ ಅಥಣಿ, ಕಾಗವಾಡಗಳ ನೆಲದಲ್ಲಿ ಈ ಭೇದ ಅಕ್ಕಪಕ್ಕದ ಹೊಲಗಳ ಭೇದವೇ ಆಗಿದೆ.

9. ಉಪಸಂಹಾರ

ಮೇಲಿನ ವಿವೇಚನೆಯನ್ನು ಹೀಗೆ ಸಂಗ್ರಹಿಸಬಹುದು. ಪ್ರೋಟಾನ್ ರೋಹಿತ ಜಲಜನಕಗಳು ಎಷ್ಟು, ಎಂಥವು ಎಂದು ಕೇಳುತ್ತದೆ, ಇಂಗಾಲ ರೋಹಿತ ಅಸ್ಥಿಪಂಜರದ ಭಿನ್ನ ಸ್ಥಾನಗಳು ಎಷ್ಟು ಎಂದು, ಡೆಪ್ಟ್ ಪ್ರತಿ ಇಂಗಾಲದ ಮೇಲೆ ಎಷ್ಟು ಜಲಜನಕ ಎಂದು, ಕಾಸಿ ನೆರೆಯವರು ಯಾರು ಎಂದು, ಟಾಕ್ಸಿ ಓಣಿ ಯಾವುದು ಎಂದು, ಎಚ್.ಎಸ್.ಕ್ಯೂ.ಸಿ. ಈ ಜಲಜನಕ ಯಾವ ಇಂಗಾಲದ್ದು ಎಂದು, ಎಚ್.ಎಂ.ಬಿ.ಸಿ. ಓಣಿಗಳ ನಡುವೆ ಸೇತುವೆ ಎಲ್ಲಿ ಎಂದು. ನೋಯ್ಸಿ ಬಯಲಿನಲ್ಲಿ ಯಾರು ಯಾರಿಗೆ ಹತ್ತಿರ ಎಂದು. ನಿಕೋಟಿನ್ನಿಗೆ ಡೆಪ್ಟ್ ನಿರ್ಣಾಯಕವಾಯಿತು, ಸುಕ್ರೋಸಿಗೆ ಟಾಕ್ಸಿ ಮತ್ತು ಎಚ್.ಎಂ.ಬಿ.ಸಿ., ಕರ್ಕ್ಯುಮಿನ್ನಿಗೆ ಸಾಮಾನ್ಯ ಪ್ರೋಟಾನ್ ರೋಹಿತ ಮತ್ತು ನೋಯ್ಸಿ. ಆದ್ದರಿಂದ ಈ ವಿಧಾನಗಳಲ್ಲಿ ಯಾವುದು ಶ್ರೇಷ್ಠ ಎಂಬ ಪ್ರಶ್ನೆಗೆ ಅರ್ಥವಿಲ್ಲ; ಈ ಅಣುವಿನಲ್ಲಿ ಇನ್ನೂ ಉಳಿದಿರುವ ಸಂದೇಹ ಯಾವುದು ಎಂಬ ಪ್ರಶ್ನೆಗೆ ಅರ್ಥವಿದೆ.

ಕನ್ನಡದಲ್ಲಿ ವಿಜ್ಞಾನ ಬರೆಹದ ಪರಂಪರೆ ಅಲ್ಪವಲ್ಲ. 1918ರಲ್ಲಿ ಬೆಳ್ಳಾವೆ ವೆಂಕಟನಾರಣಪ್ಪ ಮತ್ತು ನಂಗಪುರಂ ವೆಂಕಟೇಶ ಅಯ್ಯಂಗಾರ್ ಅವರು ಆರಂಭಿಸಿದ ‘ವಿಜ್ಞಾನ’ ಪತ್ರಿಕೆಯ ಕಾಲದಿಂದಲೂ ಪರಿಭಾಷೆಯ ಚರ್ಚೆ ನಡೆದುಬಂದಿದೆ. ರೋಹಿತ, ಅನುರಣನ, ಪಲ್ಲಟ ಮೊದಲಾದ ಪದಗಳು ನೆಲೆಗೊಳ್ಳಬಲ್ಲವು. ಕಾಸಿ, ಡೆಪ್ಟ್, ನೋಯ್ಸಿಗಳನ್ನು ಹೆಸರುಗಳಾಗಿ ಹಾಗೆಯೇ ಉಳಿಸಿಕೊಳ್ಳುವುದರಿಂದಲೂ ನಷ್ಟವಿಲ್ಲ. ಅನುವಾದಗೊಳ್ಳಬೇಕಾದದ್ದು ಹೆಸರಿಗಿಂತ ಮುಖ್ಯವಾಗಿ ಅದರ ಹಿಂದಿನ ಪ್ರಶ್ನೆ. ನೆರೆ, ಓಣಿ, ಸೇತುವೆ, ಬಯಲು ಎಂಬ ದಿನಬಳಕೆಯ ಮಾತುಗಳಲ್ಲಿ ಆ ಪ್ರಶ್ನೆಗಳನ್ನು ಕೇಳಲು ಸಾಧ್ಯವಾದಾಗ, ನಿಪ್ಪಾಣಿಯ ತಂಬಾಕು, ಉಗಾರದ ಸಕ್ಕರೆ, ರಾಯಬಾಗದ ಅರಿಸಿನ ಇವು ರಸಾಯನವಿಜ್ಞಾನದ ತರಗತಿಗೆ ಹೊರಗಿನ ವಸ್ತುಗಳಾಗಿ ಉಳಿಯಬೇಕಾಗಿಲ್ಲ.